ಡಿ2 ಪಂಚ್ ಪದೇ ಪದೇ ಮುರಿಯೋ ಬಗ್ಗೆ
ಅಣ್ಣಾರ, ಹಾರ್ಡ್‌ನೆಸ್ 60 ಎಚ್‌ಆರ್‌ಸಿ (ರಾಕ್‌ವೆಲ್ ಗಟ್ಟಿತನದ ಅಳತಿ) ಸರಿ ಇದ್ರೂ ಡಿ2 ಅನ್ನೋ ಟೂಲ್ ಸ್ಟೀಲಿನ ಪಂಚ್ (ತಗಡಿಗೆ ತೂತು ಹೊಡಿಯೋ ಸಾಧನ) ಯಾಕ ಮುರೀತಾವ ಅಂತ ಕೇಳೀರಲ್ಲ, ಮೊದ್ಲು ಮುರಿದ ಜಾಗಾ ಲೆನ್ಸ್ ಹಿಡಿದು ನೋಡ್ರಿ. ಬಿರುಕು ಮ್ಯಾಲಿಂದ ಶುರು ಆಗಿದ್ರ ಗ್ರೈಂಡಿಂಗ್ ಗೀರಿನ ಮ್ಯಾಲೇ ಡೌಟು, ಒಳಗ ಒಂದ್ ಚುಕ್ಕಿ ಸುತ್ತ ದುಂಡಗ ಕಲೆ ಕಂಡ್ರ ಸ್ಟೀಲಿನ್ಯಾಗಿನ ಅಲ್ಯುಮಿನಾದಂಥ ಕಸ, ಇಲ್ಲಾ ದಪ್ಪ ಕಾರ್ಬೈಡ್ (ಸ್ಟೀಲಿನೊಳಗಿನ ಗಟ್ಟಿ ಕಾರ್ಬನ್ ಸಂಯುಕ್ತದ ಕಣ). ನಾನೂ ಕಲಬುರಗಿಯ ಕಪನೂರದಾಗ ಹಿಂಗೇ ಸಾಕಾಗಿದ್ದೆ, ಅಡ್ಡ ಗೀರು ಉಗುರಿಗೆ ಸಿಗ್ತಿದ್ವು, ಲೋಡ್ ಬರೋ ದಿಕ್ಕಿಗೇ ಉದ್ದಕ ಎಣ್ಣಿಕಲ್ಲು, ಆಮ್ಯಾಲ ಡೈಮಂಡ್ ಪೇಸ್ಟ್ ಹಚ್ಚಿ ತಿಕ್ಕಿದ ಮ್ಯಾಲ ಮುರಿಯೋದು ಭಾಳ ಕಮ್ಮಿ ಆಯ್ತು. ವೈರ್‌ಕಟ್ (ತಂತಿಯ ಕರೆಂಟ್ ಕಿಡಿಯಿಂದ ಕತ್ತರಿಸೋದು) ಮಾಡ್ಸಿದ್ರ ಮ್ಯಾಲ ಕರಗಿ ಗಟ್ಟಿಯಾದ ಬಿಳಿ ಪದರ ತೆಗೀಲೇಬೇಕ್ರಿ, ಅದು ಗಾಜಿನಂಗ ಸೀಳ್ತದ. ಕಸಾನೇ ಕಾರಣ ಇದ್ರ ಎಷ್ಟ್ ಪಾಲಿಶ್ ಮಾಡಿದ್ರೂ ಉಪಯೋಗಿಲ್ಲ, ಇಎಸ್‌ಆರ್ (ಕಸ ಕಮ್ಮಿ ಆಗೋಹಂಗ ಮತ್ತೊಮ್ಮೆ ಕರಗಿಸೋದು) ಮಾಡಿದ್ದು ಇಲ್ಲಾ ಪೌಡರ್ ಸ್ಟೀಲ್ (ಸ್ಟೀಲಿನ ಪುಡಿ ಒತ್ತಿ ಮಾಡಿದ್ದು) ತರಸ್ರಿ, ರೊಕ್ಕ ಜಾಸ್ತಿ ಖರೆ.