ಎಚ್‌ಪಿವಿ ಪಾಸಿಟಿವ್ ಬಂತು, ಇದು ಗಂಡನ ತಪ್ಪೇ?

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಸುಮಾ ಅವರಿಗೆ 38 ವರ್ಷ, ಟೀಚರ್. ಮದುವೆಯಾಗಿ 14 ವರ್ಷ, ಹನ್ನೊಂದರ ಮಗಳಿದ್ದಾಳೆ. ಯಾವ ತೊಂದರೆಯೂ ಇರಲಿಲ್ಲ. ಹೆಲ್ತ್ ಚೆಕಪ್‌ನಲ್ಲಿ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್, ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್) ಪಾಸಿಟಿವ್ ಬಂತು. ಪ್ಯಾಪ್ ಪರೀಕ್ಷೆ (ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ನೋಡುವುದು) ನಾರ್ಮಲ್. ‘ಹೈ ರಿಸ್ಕ್’ (ಕ್ಯಾನ್ಸರ್ ತರಬಲ್ಲ ಬಗೆ) ಎಂಬ ಪದದ ಕೆಳಗೆ ಎರಡು ಸಲ ಗೀಟು ಎಳೆದುಕೊಂಡು ಬಂದಿದ್ದರು. ಅಷ್ಟರಲ್ಲಿ ಮನೆಯಲ್ಲಿ ಟವೆಲ್, ಸೋಪು ಬೇರೆಯಾಗಿತ್ತು. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಿದ್ದರು.

“ಮೇಡಂ, ನಾನು ಬೇರೆ ಯಾರ ಜೊತೆಗೂ ಹೋದವಳಲ್ಲ. ಹಾಗಿದ್ರೆ ನಮ್ಮ ಮನೆಯವರೇ ತಂದಿದ್ದು ಅಲ್ವಾ?”

ನಾನು ಹೇಳಿದ್ದು ಇಷ್ಟು. ಲೈಂಗಿಕ ಜೀವನ ಇರುವ ಹೆಚ್ಚಿನವರಿಗೆ, ಗಂಡಿರಲಿ ಹೆಣ್ಣಿರಲಿ, ಎಂದಾದರೂ ಒಮ್ಮೆ ಈ ವೈರಸ್ ತಗಲಿಯೇ ಇರುತ್ತದೆ. ಲಕ್ಷಣ ಇರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಪ್ಯಾಪ್ ನಾರ್ಮಲ್ ಇರುವ ಹೆಂಗಸರನ್ನೇ ಪರೀಕ್ಷಿಸಿದರೂ ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಸಿಗುತ್ತದೆ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಮದುವೆಗೆ ಮುಂಚಿನದ್ದೋ, ಈಚಿನದ್ದೋ ಎಂದು ಯಾವ ಲ್ಯಾಬೂ ಹೇಳಲಾರದು. ನಿಮ್ಮ ಯಜಮಾನರು ತಪ್ಪು ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ, ಅದು ನನಗೆ ಗೊತ್ತಿಲ್ಲ. ಆದರೆ ತಪ್ಪು ಮಾಡಿದ್ದಾರೆ ಅನ್ನೋದಕ್ಕೆ ಈ ಕಾಗದ ಸಾಕ್ಷಿಯಲ್ಲ. ದಯವಿಟ್ಟು ಇದನ್ನು ಹಿಡಿದುಕೊಂಡು ಜಗಳಕ್ಕೆ ಇಳಿಯಬೇಡಿ.

ಮೈಯ ರೋಗನಿರೋಧಕ ಶಕ್ತಿಯೇ ಹೆಚ್ಚಿನ ಸೋಂಕುಗಳನ್ನು ಒಂದೆರಡು ವರ್ಷದಲ್ಲಿ ಅಡಗಿಸುತ್ತದೆ. ವೈರಸ್ಸಿಗೇ ಅಂತ ಮಾತ್ರೆ ಇಲ್ಲ. ಯಾರಾದರೂ ಕೋರ್ಸ್ ಬರೆದುಕೊಟ್ಟರೆ ಯಾಕೆ ಅಂತ ಕೇಳಿ. ಸೋಂಕು ಹೋಗದೆ ಉಳಿದಾಗ ಮಾತ್ರ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನ ಅಪಾಯ. ಅದಕ್ಕೂ ಸಾಮಾನ್ಯವಾಗಿ 15–20 ವರ್ಷ ಬೇಕು, ನಡುವೆಯೇ ಹಿಡಿದು ತಡೆಯಬಹುದು. ಆ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಬರುವುದು ಈ ವೈರಸ್‌ನ 16 ಮತ್ತು 18ನೇ ಬಗೆಗಳಿಂದ. ಸುಮಾ ಅವರದ್ದು ಆ ಎರಡೂ ಅಲ್ಲ. ಆಗಿದ್ದರೆ ಪ್ಯಾಪ್ ನಾರ್ಮಲ್ ಇದ್ದರೂ ತಡಮಾಡದೆ ಕಾಲ್ಪೊಸ್ಕೋಪಿಗೆ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಕಳಿಸುತ್ತಿದ್ದೆ.

ಮುಂದಿನ ವಾರ ಗಂಡನೂ ಬಂದರು. “ನಾನೂ ಟೆಸ್ಟ್ ಮಾಡಿಸ್ಲಾ?” ಎಂದರು. ಗಂಡಸರಿಗೆ ಇದಕ್ಕೆ ಮಾಮೂಲಿ ಪರೀಕ್ಷೆ ಇಲ್ಲ. ಆದರೆ ಅವರು ಸಿಗರೇಟು ಸೇದುತ್ತಿದ್ದರು, ಮನೆಯೊಳಗೇ. ಆ ಹೊಗೆ ಇಬ್ಬರಿಗೂ ಒಳ್ಳೆಯದಲ್ಲ, ಬಿಡಿ ಎಂದೆ. ಕಾಂಡೋಮ್ ಹರಡುವಿಕೆಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಟವೆಲ್, ಸೋಪು ಬೇರೆ ಇಡಬೇಕಿಲ್ಲ. ಮಗಳು ಪಕ್ಕದಲ್ಲೇ ಮಲಗಲಿ.

ಸುಮಾ ಒಂದು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಆಗಲೂ ಪಾಸಿಟಿವ್ ಬಂದರೆ ಕಾಲ್ಪೊಸ್ಕೋಪಿ. ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು 9ರಿಂದ 14 ವರ್ಷ ಒಳ್ಳೆಯ ಸಮಯ, ಅದನ್ನು ಮುಂದೂಡಬೇಡಿ ಎಂದು ಇಬ್ಬರಿಗೂ ಒತ್ತಿ ಹೇಳಿದೆ.