ಬೆಟ್ಟದ ತುದಿಗೆ ಹೊತ್ತೊಯ್ದ ಮಣ್ಣಿನ ದನಗಳು

ಪ್ರಶ್ನೆ: ಗ್ರೀಸ್‌ನ ಕ್ರೀಟ್ ದ್ವೀಪದ ಮ್ಯೂಸಿಯಂ ಒಂದರಲ್ಲಿರುವ ಪುಟ್ಟ ಮಣ್ಣಿನ ದನ, ಕುರಿಗಳ ಫೋಟೋ ನೋಡಿದೆ. ಮಿನೋವನ್ ಕಾಲದ, ಅಂದರೆ ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ಅಲ್ಲಿದ್ದ ನಾಗರಿಕತೆಯ, ಹರಕೆ ಬೊಂಬೆಗಳಂತೆ. ಮಕ್ಕಳ ಆಟಿಕೆ ಯಾಕಾಗಿರಬಾರದು? ಅವುಗಳ ಜೊತೆ ಒಂದು ದುಂಬಿಯೂ ಇತ್ತು. ದುಂಬಿಯನ್ನು ಯಾರಾದರೂ ಹರಕೆ ಒಪ್ಪಿಸ್ತಾರಾ?
– ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ಆಟಿಕೆ ಅನ್ನಿಸೋದು ಸಹಜ. ಆದರೆ ಅವು ಸಿಕ್ಕ ಜಾಗ ನೋಡಿ. ಮನೆಯಂಗಳದಲ್ಲಲ್ಲ, ಬೆಟ್ಟದ ತುದಿಯಲ್ಲಿ. ಮಿನೋವನ್ನರ ಕ್ನೋಸೋಸ್ ಅರಮನೆಯಿಂದ ಕಾಣುವ ಯೂಕ್ತಾಸ್ ಬೆಟ್ಟ 811 ಮೀಟರ್ ಎತ್ತರ. ಅದರ ನೆತ್ತಿಯ ಮೇಲೆ ಬಂಡೆಯಲ್ಲಿ ಆಳವಾದ ಬಿರುಕಿದೆ, ಪಕ್ಕದಲ್ಲೇ ಮೆಟ್ಟಿಲಿನಂಥ ಬಲಿಪೀಠ. ಜನ ಕಾಣಿಕೆ ತಂದು ಒಪ್ಪಿಸುತ್ತಿದ್ದ ಜಾಗ ಅದು. 1909ರಲ್ಲಿ ಪುರಾತತ್ವಜ್ಞ ಆರ್ಥರ್ ಇವಾನ್ಸ್ ಅಲ್ಲಿ ಅಗೆದರು, 1974ರಿಂದ ಅಲೆಕ್ಸಾಂಡ್ರಾ ಕರೆಟ್ಸೂ ಮುಂದುವರಿಸಿದರು. ಕ್ರೀಟ್‌ನ ಪೂರ್ವ ತುದಿಯ ಪೆಟ್ಸೊಫಾಸ್ ಬೆಟ್ಟದಲ್ಲೂ ಹೀಗೇ, ಬೂದಿಯ ನಡುವೆ ರಾಶಿ ರಾಶಿ ಬೊಂಬೆ. ಅದನ್ನು 1903ರಲ್ಲಿ ಅಗೆದವರು ಜಾನ್ ಮೈರ್ಸ್. ಅಷ್ಟೆತ್ತರಕ್ಕೆ ಇಷ್ಟೊಂದು ಆಟಿಕೆ ಹೊತ್ತು ತಂದು ಯಾರೂ ಸುಮ್ನೆ ಬಿಟ್ಟು ಹೋಗಲ್ಲ, ಅಲ್ವಾ?

ಕ್ರಿಸ್ತಪೂರ್ವ 2000ದ ಆಸುಪಾಸಿನಿಂದ ಕ್ರೀಟ್‌ನ ಹಲವು ಬೆಟ್ಟಗಳಲ್ಲಿ ಇಂಥ ಜಾಗಗಳು ಹುಟ್ಟಿಕೊಂಡವು. ಬೊಂಬೆಗಳಲ್ಲಿ ದನಗಳದ್ದೇ ದೊಡ್ಡ ಪಾಲು, ಕುರಿ ಮೇಕೆಗಳೂ ಇವೆ. ಮೈಗೊಂದು ಮಣ್ಣಿನ ಉಂಡೆ, ಅದಕ್ಕೆ ಮೆತ್ತಿದ ನಾಲ್ಕು ಮೋಟುಕಾಲು, ಚಿವುಟಿ ಎಳೆದ ಕೊಂಬು, ಆಮೇಲೆ ಸುಟ್ಟರೆ ಮುಗೀತು. ಮಿನೋವನ್ನರು ಅಂದ ಕೂಡಲೇ ಎಲ್ಲರೂ ಅರಮನೆಯ ಬಣ್ಣದ ಗೋಡೆಚಿತ್ರಗಳ ಮಾತಾಡ್ತಾರೆ. ನನಗೆ ಈ ಒರಟು ದನಗಳೇ ಜಾಸ್ತಿ ಹತ್ತಿರ, ಯಾಕಂದ್ರೆ ಇವುಗಳಲ್ಲಿ ಕಾಣೋದು ಕೊಟ್ಟಿಗೆಯ ಚಿಂತೆ ಹೊತ್ತು ಬೆಟ್ಟ ಹತ್ತಿದ ಸಾಮಾನ್ಯ ಜನ.

ಮನುಷ್ಯರ ಬೊಂಬೆಗಳೂ ಇವೆ. ಸೊಂಟಕ್ಕೆ ಬಾಕು ಸಿಕ್ಕಿಸಿಕೊಂಡ ಗಂಡಸರು, ಗಂಟೆಯಾಕಾರದ ಲಂಗದ ಹೆಂಗಸರು. ಜೊತೆಗೆ ಬಿಡಿ ಕೈ, ಬಿಡಿ ಕಾಲು. ನೋವಿದ್ದ ಅಂಗ ವಾಸಿಯಾಗಲಿ ಅಂತಲೋ, ವಾಸಿಯಾಯಿತು ಅಂತಲೋ ಕೊಟ್ಟಿದ್ದು ಅನ್ನೋದು ಹೆಚ್ಚಿನ ವಿದ್ವಾಂಸರ ಮಾತು. ನಿಮ್ಮ ತಾಲ್ಲೂಕಿನ ಸುರ್ಯ ದೇವಸ್ಥಾನದಲ್ಲಿ ಹರಕೆಗೆ ಒಪ್ಪಿಸುವ ಮಣ್ಣಿನ ಬೊಂಬೆ ನೋಡಿದ್ದರೆ ಇದು ತಟ್ಟನೆ ಅರ್ಥವಾಗುತ್ತೆ. ಎರಡಕ್ಕೂ ನಂಟಿದೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಅದಕ್ಕೆ ಯಾವ ಆಧಾರವೂ ಇಲ್ಲ. ಮಿನೋವನ್ನರು ಬಳಸುತ್ತಿದ್ದ ಲೀನಿಯರ್ ಎ ಲಿಪಿಯನ್ನೂ ಇವತ್ತಿನವರೆಗೆ ಯಾರೂ ಓದಿಲ್ಲ, ಹಾಗಾಗಿ ಅವರ ಬೇಡಿಕೆ ಏನಿತ್ತು ಅಂತ ಬೊಂಬೆ ನೋಡಿಯೇ ಊಹಿಸಬೇಕು.

ಇನ್ನು ದುಂಬಿ. ಅದು ಮೂತಿಯ ಮೇಲೆ ಕೊಂಬಿರುವ ದುಂಬಿ, ನಮ್ಮ ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯ ಹತ್ತಿರದ ನೆಂಟ. ತೋಟ ಇದ್ದವರಿಗೆ ಗೊತ್ತು, ಇದರ ಹುಳ ಬೆಳೆಯೋದು ಗೊಬ್ಬರದ ಗುಂಡಿಯಲ್ಲಿ. ಕ್ರೀಟ್‌ನಲ್ಲೂ ಕುರಿ ಹಿಕ್ಕೆ ಬಿದ್ದ ಕಡೆ ಈ ದುಂಬಿ ಇದ್ದೇ ಇರುತ್ತಿತ್ತು, ಅದಕ್ಕೇ ಮಂದೆಯ ಜೊತೆ ಇದನ್ನೂ ಸೇರಿಸಿದರು ಅಂತ ಕೆಲವರ ವಾದ. ನನಗೂ ಇದೇ ಸರಿ ಅನ್ನಿಸುತ್ತೆ. ಕ್ರೀಟ್‌ನ ಪಿಸ್ಕೊಕೆಫಾಲೊ ಎಂಬಲ್ಲಿ ಸಿಕ್ಕ ಮಣ್ಣಿನ ದುಂಬಿಗಳನ್ನು ಒಮ್ಮೆ ಹತ್ತಿರದಿಂದ ನೋಡಿ, ಮಾಡಿದವರು ಆ ಕೊಂಬನ್ನು ಮರೆತಿಲ್ಲ.