ನರ್ಸ್ ಕೆಲಸ ಬೇರೆಯವರು ಮಾಡಲಿ

(ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಶಾಂತಾ ಅಂತ ಕರೆಯೋಣ. ವಯಸ್ಸು 31. ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಐಸಿಯು ನರ್ಸ್. ಮೂರು ವರ್ಷದ ಮಗಳಿದ್ದಾಳೆ. ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಹಾಲಿನ ಗಂಟಿರಬಹುದು ಅಂತ ಸುಮ್ಮನಿದ್ದರು. ನೋವೂ ಇರಲಿಲ್ಲ. ಆಮೇಲೆ ಸ್ಕ್ಯಾನಿಂಗ್, ಮ್ಯಾಮೊಗ್ರಾಂ, ಬಯಾಪ್ಸಿ. ಸ್ತನ ಕ್ಯಾನ್ಸರ್ ಅಂದ ರಿಪೋರ್ಟನ್ನು ಡ್ಯೂಟಿ ಮಧ್ಯೆ ಫೋನಿನಲ್ಲಿ ತಾವೇ ಓದಿಕೊಂಡರು. ಓದಿ, ಫೋನ್ ಜೇಬಿಗೆ ಹಾಕಿ, ಉಳಿದ ಪೇಷಂಟ್‌ಗಳಿಗೆ ಇಂಜೆಕ್ಷನ್ ಕೊಟ್ಟು ಮುಗಿಸಿದರಂತೆ.

ಸಲಹೆ ಕೇಳಲು ಬಂದು ನನ್ನ ಮುಂದೆ ಕೂತಾಗಲೂ ಅಳಲಿಲ್ಲ. ಗಡ್ಡೆಯ ಅಳತೆ, ಗ್ರೇಡ್ 3 (ಬೇಗ ಬೆಳೆಯುವ ಬಗೆ), ಮೊದಲು ಕೀಮೋ, ಆಮೇಲೆ ಆಪರೇಷನ್ ಅಂತ ಡ್ಯೂಟಿ ಹ್ಯಾಂಡ್‌ಓವರ್ ಕೊಟ್ಟ ಹಾಗೆ ಹೇಳಿದರು. ಹೇಳುವಾಗ ಎಡಗೈ ಹೆಬ್ಬೆರಳಿನಿಂದ ಬಲ ಮುಂಗೈಯ ನರಗಳನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಯಾವುದರಲ್ಲಿ ಸೂಜಿ ನಿಲ್ಲುತ್ತೆ, ಯಾವುದು ಬೇಗ ಕೈಕೊಡುತ್ತೆ ಅಂತ. ಕೊನೆಗೆ ಒಂದೇ ಮಾತು: "ನನಗ ಎಲ್ಲಾ ಗೊತ್ತೈತಿ ಮೇಡಂ. ಏನೂ ಗೊತ್ತಿಲ್ಲದವರೇ ಪುಣ್ಯವಂತರು."

ಏನು ಗೊತ್ತು ಅಂತ ಕೇಳಿದೆ. ಅವರ ಐಸಿಯುಗೆ ಬಂದ ಕ್ಯಾನ್ಸರ್ ಪೇಷಂಟ್‌ಗಳ ಬಗ್ಗೆ ಹೇಳಿದರು. ಎಲ್ಲರೂ ಕೊನೆ ಹಂತದವರು. ಚಿಕಿತ್ಸೆ ಮುಗಿಸಿ ಹತ್ತು ವರ್ಷದಿಂದ ಆರಾಮಾಗಿರುವ ಹೆಂಗಸು ನಿಮ್ಮ ಐಸಿಯುಗೆ ಯಾಕೆ ಬರ್ತಾಳೆ ಅಂದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಅವರು ಕಂಡದ್ದು ಸುಳ್ಳಲ್ಲ. ಆದರೆ ವಾಸಿಯಾದವರು ಆ ಬಾಗಿಲಿಗೆ ಬರೋದೇ ಇಲ್ಲ. ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರನ್ನು ಈ ಭಯ ಜಾಸ್ತಿ ಕಾಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನೊಂದು ಕಷ್ಟ ಮನೆಯದು. ಅತ್ತೆ, ಅವ್ವ, ಗಂಡ ಎಲ್ಲರೂ ಅವರನ್ನೇ ಕೇಳುತ್ತಿದ್ದರು: "ಏನೂ ಆಗಲ್ಲ ಅಲ್ವಾ? ನೀನೇ ಹೇಳು." ಕಾಯಿಲೆ ಬಂದವಳೇ ಎಲ್ಲರಿಗೂ ಧೈರ್ಯ ಹೇಳಬೇಕು. ಚಿಕಿತ್ಸೆಗೆ ಎಲ್ಲಿಗೆ ಅಂದರೆ ಸಹೋದ್ಯೋಗಿಗಳು ಒಬ್ಬರು ಹುಬ್ಬಳ್ಳಿ ಅಂದರೆ ಇನ್ನೊಬ್ಬರು ಹೈದರಾಬಾದ್ ಅನ್ನುತ್ತಿದ್ದರು.

ನಾನು ಕೊಟ್ಟ ಮುಖ್ಯ ಸಲಹೆ ಇದು: ಈ ಒಂದು ಕೇಸಿನಲ್ಲಿ ನೀವು ನರ್ಸ್ ಅಲ್ಲ. ಬೇಕಿದ್ದರೆ ಒಮ್ಮೆ ಎರಡನೇ ಅಭಿಪ್ರಾಯ ತಗೊಳ್ಳಿ, ಆಮೇಲೆ ಒಂದೇ ಕಡೆ ನಿಲ್ಲಿ. ಅವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆರಿಸಿಕೊಂಡರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು. ರಿಪೋರ್ಟ್ ಇನ್ನು ಮುಂದೆ ಗಂಡನ ಫೋನಿಗೆ ಬರಲಿ ಅಂದೆ. ಡಾಕ್ಟರ್ ಹತ್ತಿರ ಗಂಡನೇ ನೋಟ್‌ಬುಕ್ ಹಿಡಿದು ಕೂರಲಿ, ಅವರೇ ಪ್ರಶ್ನೆ ಕೇಳಲಿ. "ನಿಮಗೆ ಗೊತ್ತಲ್ಲ ಸಿಸ್ಟರ್" ಅಂತ ಡಾಕ್ಟರ್ ಅರ್ಧಕ್ಕೆ ನಿಲ್ಲಿಸಿದರೆ, ಪೂರ್ತಿ ಹೇಳಿ ಸರ್ ಅನ್ನಬೇಕು. ನರ ಸಿಗುವ ಚಿಂತೆಯನ್ನೂ ಅಲ್ಲೇ ಕೇಳಿ, ಚರ್ಮದಡಿ ಕೂರಿಸಿ ಅದರ ಮೂಲಕವೇ ಔಷಧಿ ಕೊಡುವ ಕೀಮೋ ಪೋರ್ಟ್ ಅಂತ ಇದೆಯಲ್ಲ ಅಂದೆ.

ಕೆಲವು ಮಾತು ಮೊದಲ ಕೀಮೋಗಿಂತ ಮುಂಚೆಯೇ ಆಗಬೇಕಿತ್ತು. ಅವರಿಗೆ ಇನ್ನೊಂದು ಮಗು ಬೇಕು. ಕೀಮೋದಿಂದ ಅಂಡಾಶಯಕ್ಕೆ ಪೆಟ್ಟು ಬೀಳಬಹುದು. ಅಂಡಾಣು ಅಥವಾ ಭ್ರೂಣ ಫ್ರೀಜ್ ಮಾಡಿಡಲು ಸುಮಾರು ಎರಡು ವಾರ ಬೇಕು. ಇದನ್ನು ಕೇಳಲು ಅವರಿಗೆ ನಾಚಿಕೆ. ಜೀವ ಉಳಿಸಿಕೊಳ್ಳೋ ಹೊತ್ತಲ್ಲಿ ಇದೆಲ್ಲಾ ಏನು ಅಂದಾರು ಅಂತ. ಕೇಳಲೇಬೇಕು ಅಂತ ನಾನು ಒತ್ತಾಯ ಮಾಡಿದೆ. ಪೂರ್ತಿ ಎದೆ ತೆಗೆಸಿದರೇ ಸುರಕ್ಷಿತ ಅನ್ನುವುದೂ ಅವರ ತಲೆಯಲ್ಲಿತ್ತು. ಗಡ್ಡೆಯಷ್ಟೇ ತೆಗೆದು ರೇಡಿಯೇಷನ್ ಕೊಡಲು ಬರುವಂತಿದ್ದರೆ ಬದುಕುಳಿಯುವ ಸಾಧ್ಯತೆ ಅದರಿಂದ ಕಡಿಮೆಯಾಗುವುದಿಲ್ಲ. ತಮಗೆ ಅದು ಆಗುತ್ತಾ ಅಂತ ಸರ್ಜನ್ ಹತ್ತಿರ ಕೇಳಿ ಅಂದೆ.

ರಜೆಯ ವಿಷಯ. ಕೆಲಸ ಹೋಗುತ್ತೆ ಅಂತ ಕೀಮೋ ಮಧ್ಯೆಯೂ ಡ್ಯೂಟಿ ಮಾಡುವ ಯೋಚನೆ ಇತ್ತು. ಅವರಿಗೆ ಇಎಸ್‌ಐ (ನೌಕರರ ವಿಮೆ) ಇದೆ. ಎರಡು ವರ್ಷ ಸರ್ವೀಸ್ ಮತ್ತು ಅಗತ್ಯದಷ್ಟು ವಂತಿಗೆ ಇದ್ದರೆ, ಕ್ಯಾನ್ಸರ್‌ನಂಥ ಕಾಯಿಲೆಗೆ ಸಂಬಳದ ಶೇ. 80ರಷ್ಟು ಎರಡು ವರ್ಷದವರೆಗೂ ಸಿಗುತ್ತದೆ. ನರ್ಸ್‌ಗಳಿಗೇ ಇದು ಗೊತ್ತಿರುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರದ ವಿಷಯ. ಕೀಮೋ ಆಗಿ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಸೋಂಕು ಬೇಗ ತಗುಲುತ್ತದೆ, ಆಗ ಐಸಿಯುನಲ್ಲಿ ಕೆಲಸಕ್ಕೆ ಇರಲೇಬಾರದು. ಜ್ವರ 100.4 ಡಿಗ್ರಿ ಮುಟ್ಟಿದರೆ ತಕ್ಷಣ ಆಸ್ಪತ್ರೆ. ಪ್ಯಾರಸಿಟಮಾಲ್ ನುಂಗಿ ಡ್ಯೂಟಿಗೆ ಹೋಗುವ ನರ್ಸ್‌ಗಳ ಅಭ್ಯಾಸ ಇಲ್ಲಿ ಜೀವಕ್ಕೇ ಅಪಾಯ.

ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು. ಸೊಸೆಯನ್ನು ಹುಣ್ಣಿಮೆಗೆ ಹುಲಿಗಿಗೆ ಕರೆದೊಯ್ಯುವ ಆಸೆ. ಹರಕೆ ಬೇಡ ಅನ್ನಲಿಲ್ಲ. ಈಗ ನೀವೊಬ್ಬರೇ ಹೋಗಿ ಬನ್ನಿ, ಆ ಜನಜಂಗುಳಿಯಲ್ಲಿ ಸೋಂಕು ತಗುಲಿದರೆ ಕಷ್ಟ, ಚಿಕಿತ್ಸೆ ಮುಗಿದ ಮೇಲೆ ಇಬ್ಬರೂ ಹೋಗಿ ಅಂದೆ. ಒಪ್ಪಿದರು.

ಈಗ ಕೀಮೋ ನಡೆದಿದೆ. ಬಾಯಿ ಹುಣ್ಣಿಗೆ ರೊಟ್ಟಿ ಸೇರುತ್ತಿಲ್ಲ. ಜೋಳದ ನುಚ್ಚು ಮಜ್ಜಿಗೆ ಇಳಿಯುತ್ತದೆ. ಈಚೆಗೆ ಬಂದಾಗ ಚೆನ್ನಾಗಿ ಅತ್ತರು, ಗಂಡನ ಎದುರಿಗೇ. ಚಿಕ್ಕ ವಯಸ್ಸಿನಲ್ಲೇ ಬಂದಿರುವುದರಿಂದ ಕಾಯಿಲೆ ವಂಶದಲ್ಲಿ ಬಂದದ್ದೋ ಅಂತ ನೋಡುವ ಬಿಆರ್‌ಸಿಎ ಜೀನ್ ಟೆಸ್ಟ್ ಕಳಿಸಿದ್ದಾರೆ. ಅವರ ತಂಗಿಗೆ ಇನ್ನೂ ಮದುವೆಯಾಗಿಲ್ಲ. ಟೆಸ್ಟ್ ವಿಷಯ ಅವಳಿಗೆ ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳ ಶುರುವಾಗಿದೆ. ಮುಂದಿನ ಸಲ ತಂಗಿಯನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.